ಶೇಷವಿಲ್ಲದ ಪಾಲು: ನಮ್ಮ ಗಡಿಸೀಮೆಯ ವ್ಯವಹಾರದಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಲೆಕ್ಕದ ಮಾತಿಗೇನು ಸ್ಥಾನವೆಂದು ಕೆಲವರಾದರೂ ಕೇಳಬಹುದು. ಅದಕ್ಕೆ ಉತ್ತರ ನಮ್ಮ ಇತಿಹಾಸದಲ್ಲಿಯೇ ಇದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿದ್ದು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದೇ ಚಕ್ರವರ್ತಿಯ ಕಾಲದಲ್ಲಿ, ಅವನನ್ನೇ ಗ್ರಂಥಾರಂಭದಲ್ಲಿ ಸ್ತುತಿಸಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಕಾವ್ಯಶಾಸ್ತ್ರವೂ ಗಣಿತಶಾಸ್ತ್ರವೂ ಒಂದೇ ಅರಸನ ಆಶ್ರಯದಲ್ಲಿ ಬೆಳೆದವು. ಆ ಅರಸನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಮೇಲೆ ಸೇಡಂ ತಾಲ್ಲೂಕಿನಲ್ಲಿದೆ. ನಮ್ಮ ದುಧನಿ ನಿಲ್ದಾಣದಲ್ಲಿ ರೈಲು ಹತ್ತಿ ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ್ ದಾಟಿ, ವಾಡಿಯಲ್ಲಿ ಹೈದರಾಬಾದ್ ದಾರಿ ಹಿಡಿದರೆ ಆ ನೆಲ ನಮಗೆ ದೂರವಲ್ಲ.

ಮಹಾವೀರಾಚಾರ್ಯನು ತನ್ನ ಗ್ರಂಥದ ಮೊದಲಲ್ಲಿ ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂದು ಹೇಳಿಕೊಂಡು ಹೋಗುತ್ತಾನೆ. ಲೌಕಿಕ ಮತ್ತು ವೈದಿಕ ಕಾರ್ಯಗಳಲ್ಲಿ, ಸಂಗೀತದಲ್ಲಿ, ನಾಟಕದಲ್ಲಿ, ಅಡುಗೆಯಲ್ಲಿ, ವೈದ್ಯದಲ್ಲಿ, ಮನೆ ಕಟ್ಟುವಲ್ಲಿ, ಛಂದಸ್ಸಿನಲ್ಲಿ, ಕಾವ್ಯದಲ್ಲಿ ಎಲ್ಲ ಕಡೆಗೂ ಗಣಿತವಿದೆಯೆಂಬುದು ಅವನ ಅಭಿಪ್ರಾಯ. ಆದುದರಿಂದ ಸಾಹಿತ್ಯದ ಪಂಕ್ತಿಯಲ್ಲಿ ಗಣಿತಕ್ಕೂ ಒಂದು ಎಲೆ ಹಾಕುವುದು ಹೊಸ ಸಂಪ್ರದಾಯವೇನೂ ಅಲ್ಲ.

ಈ ಲೇಖನದಲ್ಲಿ ನಾನು ಆರಿಸಿಕೊಂಡಿರುವುದು ಗಣಿತದ ಒಂದು ಚಿಕ್ಕ ವಿಷಯ: ಮಹತ್ತಮ ಸಾಮಾನ್ಯ ಅಪವರ್ತನ. ಶಾಲೆಯಲ್ಲಿ ಇದನ್ನು 'ಮಸಾಅ' ಎಂದು ಕಲಿತು, ಪರೀಕ್ಷೆಯಲ್ಲಿ ಬರೆದು, ಬಳಿಕ ಮರೆತವರೇ ನಮ್ಮಲ್ಲಿ ಹೆಚ್ಚು. ಆದರೆ ಪಾಲು ಮಾಡುವಲ್ಲಿ, ನಾಣ್ಯ ಬದಲಿಸುವಲ್ಲಿ, ನೆಲಕ್ಕೆ ಕಲ್ಲು ಹಾಸುವಲ್ಲಿ ಈ ಒಂದು ಸಂಖ್ಯೆಯು ಯಾರಿಗೆ ನಷ್ಟ, ಯಾರಿಗೆ ಲಾಭ ಎಂಬುದನ್ನು ನಿರ್ಣಯಿಸುತ್ತ ಬಂದಿದೆ. ನಮ್ಮ ಗಡಿಸೀಮೆಯ ಇತಿಹಾಸದಲ್ಲಿ ಅದಕ್ಕೆ ಸ್ಪಷ್ಟವಾದ ಸಾಕ್ಷ್ಯಗಳಿವೆ.

ಅರ್ಥ ಮತ್ತು ರೀತಿ

ಮೊದಲು ಅರ್ಥವನ್ನು ತಿಳಿಯೋಣ. ಒಂದು ಜಾತ್ರೆಯ ಪ್ರಸಾದಕ್ಕೆ 180 ಬಾಳೆಹಣ್ಣು, 144 ತೆಂಗಿನ ಹೋಳು, 252 ಉಂಡಿ ಬಂದಿವೆಯೆನ್ನಿ. ಎಲ್ಲ ಪೊಟ್ಟಣಗಳಲ್ಲಿಯೂ ಸಮನಾಗಿ ಹಾಕಬೇಕು, ಒಂದೂ ಉಳಿಯಬಾರದು, ಪೊಟ್ಟಣಗಳು ಆದಷ್ಟು ಹೆಚ್ಚು ಆಗಬೇಕು. ಈ ಮೂರೂ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದೋ ಅದೇ ಉತ್ತರ. ಇಲ್ಲಿ ಅದು 36. ಒಂದೊಂದು ಪೊಟ್ಟಣದಲ್ಲಿ 5 ಬಾಳೆಹಣ್ಣು, 4 ಹೋಳು, 7 ಉಂಡಿ. ಮೂವತ್ತಾರು ಮನೆಗಳಿಗೆ ಸಮನಾದ ಪ್ರಸಾದ. ಯಾರೂ ಯಾರ ಪೊಟ್ಟಣವನ್ನೂ ಇಣುಕಿ ನೋಡಬೇಕಾಗಿಲ್ಲ.

ಈ 36ನ್ನು ಕಂಡುಹಿಡಿಯಲು ಅಪವರ್ತನಗಳ ಉದ್ದನೆಯ ಪಟ್ಟಿಯನ್ನೇ ಬರೆಯಬೇಕಾಗಿಲ್ಲ. 180ರಲ್ಲಿ 144 ಕಳೆಯಿರಿ, 36 ಉಳಿಯುತ್ತದೆ. 144ನ್ನು 36 ಶೇಷವಿಲ್ಲದೆ ಭಾಗಿಸುತ್ತದೆ. 252ನ್ನೂ 36 ಭಾಗಿಸುತ್ತದೆ. ಕೆಲಸ ಮುಗಿಯಿತು. ಇದರ ತತ್ತ್ವ ಸರಳವಾದುದು. ಯಾವ ಸಂಖ್ಯೆಯು ಎರಡು ರಾಶಿಗಳನ್ನೂ ಸರಿಯಾಗಿ ಅಳೆಯುತ್ತದೆಯೋ ಅದು ಆ ರಾಶಿಗಳ ವ್ಯತ್ಯಾಸವನ್ನೂ ಸರಿಯಾಗಿ ಅಳೆಯಲೇಬೇಕು. ಆದುದರಿಂದ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತ, ಉಳಿದುದರಿಂದ ಮತ್ತೆ ಚಿಕ್ಕದನ್ನು ಭಾಗಿಸುತ್ತ ಹೋದರೆ, ಕೊನೆಗೆ ಶೇಷವಿಲ್ಲದಂತೆ ಭಾಗಿಸುವ ಸಂಖ್ಯೆಯೇ ಮಹತ್ತಮ ಸಾಮಾನ್ಯ ಅಪವರ್ತನ.

ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ರಚಿಸಿದ 'ಎಲಿಮೆಂಟ್ಸ್' ಗ್ರಂಥದ 7ನೆಯ ಭಾಗದ ಆರಂಭದಲ್ಲಿಯೇ ಈ ರೀತಿಯನ್ನು ಸಾಧಿಸಿ ತೋರಿಸಿದ್ದಾನೆ. ನಮ್ಮ ದೇಶದಲ್ಲಿ ಆರ್ಯಭಟನು ಕ್ರಿ.ಶ. 499ರ ಸುಮಾರಿನ 'ಆರ್ಯಭಟೀಯ'ದಲ್ಲಿ ಪರಸ್ಪರ ಭಾಗಾಕಾರದ ಇದೇ ಸರಪಳಿಯನ್ನು ಮತ್ತೊಂದು ಉದ್ದೇಶಕ್ಕೆ ಬಳಸಿದನು. ಅದಕ್ಕೆ ಮುಂದೆ 'ಕುಟ್ಟಕ' ಎಂಬ ಹೆಸರು ಬಂದಿತು. ಕುಟ್ಟುವುದೆಂದರೆ ಪುಡಿಮಾಡುವುದು. ಒರಳಿನಲ್ಲಿ ಹಾಕಿ ಕುಟ್ಟಿದಂತೆ, ದೊಡ್ಡ ಸಂಖ್ಯೆಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸುತ್ತ ಚಿಕ್ಕದು ಮಾಡುವ ರೀತಿಗೆ ಅದು ತಕ್ಕ ಹೆಸರೇ ಆಗಿದೆ.

ಮಳಖೇಡದ ಕಾಲದ ಬಾಳೆಗೊನೆಗಳು

ಮಹಾವೀರಾಚಾರ್ಯನ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಎರಡು ಕಡೆ ನೇರವಾದ ಸಂಬಂಧವಿದೆ. ಮೊದಲನೆಯದು ಭಿನ್ನರಾಶಿಗಳನ್ನು ಕೂಡುವ ಪ್ರಸಂಗ. ಛೇದಗಳು ಬೇರೆಬೇರೆಯಾಗಿದ್ದರೆ ಅವುಗಳನ್ನು ಸಮಮಾಡಲು ಅವನು 'ನಿರುದ್ಧ' ಎಂಬ ಸಂಖ್ಯೆಯನ್ನು ಹೇಳುತ್ತಾನೆ. ಇಂದಿನ ಮಾತಿನಲ್ಲಿ ಅದು ಲಘುತಮ ಸಾಮಾನ್ಯ ಅಪವರ್ತ್ಯ. ಅದನ್ನು ಪಡೆಯುವ ಅವನ ಕ್ರಮವು ಹೀಗಿದೆ: ಛೇದಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನಗಳನ್ನು ಹೊರತೆಗೆದು, ಅವುಗಳನ್ನು ಉಳಿದ ಭಾಗಲಬ್ಧಗಳೊಡನೆ ಗುಣಿಸಬೇಕು. ಭಾರತದಲ್ಲಿ ಈ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ನಿರೂಪಿಸಿದವರಲ್ಲಿ ಅವನೇ ಮೊದಲಿಗನೆಂದು ಗಣಿತದ ಇತಿಹಾಸಕಾರರು ಗುರುತಿಸುತ್ತಾರೆ.

ಇದರ ಪ್ರಯೋಜನವನ್ನು ಮನೆಯ ವಾಟಣಿಯಲ್ಲಿ ನೋಡೋಣ. ಒಂದು ಆಸ್ತಿಯಲ್ಲಿ ಒಬ್ಬನಿಗೆ 12ರಲ್ಲಿ ಒಂದು ಪಾಲು, ಇನ್ನೊಬ್ಬನಿಗೆ 18ರಲ್ಲಿ ಒಂದು ಪಾಲು ಬರಬೇಕಾಗಿದೆ. ಸಾಮಾನ್ಯ ಕುಲಕರ್ಣಿಕೆಯ ಬುದ್ಧಿಯು 12ನ್ನು 18ರಿಂದ ಗುಣಿಸಿ ಹೊಲವನ್ನು 216 ತುಂಡುಗಳೆಂದು ಭಾವಿಸುತ್ತದೆ. ಮಹಾವೀರನ ಮಾತಿನಂತೆ ನಡೆದರೆ 12 ಮತ್ತು 18ರ ಸಾಮಾನ್ಯ ಅಪವರ್ತನ 6. ಉಳಿದ ಲಬ್ಧಗಳು 2 ಮತ್ತು 3. ಆರು, ಎರಡು, ಮೂರು ಗುಣಿಸಿದರೆ 36. ಮೂವತ್ತಾರು ತುಂಡುಗಳಲ್ಲಿ ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಎರಡು. ಹೊಲವು 9 ಎಕರೆ ಇದ್ದರೆ 360 ಗುಂಟೆ. ಒಂದು ತುಂಡಿಗೆ 10 ಗುಂಟೆ. ಒಬ್ಬನಿಗೆ 30 ಗುಂಟೆ, ಇನ್ನೊಬ್ಬನಿಗೆ 20 ಗುಂಟೆ. ಬಾಂದಕಲ್ಲು ಎಲ್ಲಿ ನೆಡಬೇಕೆಂಬುದು ಕೂಡಲೇ ಗೊತ್ತಾಗುತ್ತದೆ. ಅಣ್ಣತಮ್ಮಂದಿರ ನಡುವೆ ಎಷ್ಟು ಜಗಳಗಳು ಭೂಮಿಗಿಂತ ಲೆಕ್ಕದ ಗೊಂದಲದಿಂದಲೇ ಹುಟ್ಟುತ್ತವೆಂಬುದನ್ನು ಹಳ್ಳಿಯಲ್ಲಿ ಬಾಳಿದವರು ಬಲ್ಲರು.

ಎರಡನೆಯದು ಕುಟ್ಟಕದ ಪ್ರಕರಣ. ಮಹಾವೀರನು ಅದಕ್ಕೆ 'ಕುಟ್ಟೀಕಾರ' ಎನ್ನುತ್ತಾನೆ. ಅಲ್ಲಿ ಬರುವ ಒಂದು ಸಮಸ್ಯೆ ಬಹಳ ಪ್ರಸಿದ್ಧವಾಗಿದೆ. ಹಣ್ಣುಹೂಗಳಿಂದ ತುಂಬಿದ ಕಾಡಿನ ಅಂಚಿಗೆ 23 ಮಂದಿ ದಾರಿಹೋಕರು ದಣಿದು ಬರುತ್ತಾರೆ. ಅಲ್ಲಿ ಸಮನಾದ 63 ಬಾಳೆಹಣ್ಣಿನ ರಾಶಿಗಳು, ಜೊತೆಗೆ ಬಿಡಿಯಾಗಿ 7 ಹಣ್ಣುಗಳು ಇವೆ. ಎಲ್ಲವನ್ನೂ ಕೂಡಿಸಿ 23 ಮಂದಿ ಸಮನಾಗಿ ಹಂಚಿಕೊಂಡರೆ ಒಂದೂ ಉಳಿಯುವುದಿಲ್ಲ. ಹಾಗಾದರೆ ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ರಾಶಿಗೆ 5 ಹಣ್ಣು ಎಂದಿಟ್ಟುಕೊಳ್ಳಿ. 63 ರಾಶಿಗಳಿಗೆ 315. ಬಿಡಿ 7 ಸೇರಿ 322. ಅದನ್ನು 23ರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 14 ಹಣ್ಣು, ಶೇಷವಿಲ್ಲ. ಐದಕ್ಕೆ 23 ಸೇರಿಸಿ 28 ಎಂದರೂ ಲೆಕ್ಕ ಕೂಡುತ್ತದೆ. ಆಗ ಒಬ್ಬೊಬ್ಬರಿಗೆ 77. ಚಿಕ್ಕ ಉತ್ತರ 5. ಊಹೆಯಿಂದಲ್ಲದೆ ಕ್ರಮದಿಂದ ಈ ಉತ್ತರಕ್ಕೆ ಬರಲು 63 ಮತ್ತು 23ನ್ನು ಒಂದರಿಂದೊಂದು ಭಾಗಿಸುತ್ತ ಹೋಗಬೇಕು. ಶೇಷಗಳು ಕ್ರಮವಾಗಿ 17, 6, 5, 1. ಕೊನೆಗೆ 1 ಬಂದುದರಿಂದ ಈ ಎರಡು ಸಂಖ್ಯೆಗಳಿಗೆ ಒಂದರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಆದುದರಿಂದ ಬಿಡಿ ಹಣ್ಣು ಎಷ್ಟೇ ಇದ್ದರೂ ಈ ಸಮಸ್ಯೆಗೆ ಉತ್ತರ ಇದ್ದೇ ಇರುತ್ತದೆ. ಆದರೆ 63ರ ಬದಲು 69 ರಾಶಿಗಳಿದ್ದವೆನ್ನಿ. 69 ಮತ್ತು 23ರ ಮಹತ್ತಮ ಸಾಮಾನ್ಯ ಅಪವರ್ತನ 23. ಬಿಡಿ 7 ಹಣ್ಣುಗಳು 23ರಿಂದ ಭಾಗವಾಗುವುದಿಲ್ಲ. ಆಗ ರಾಶಿಯಲ್ಲಿ ಎಷ್ಟೇ ಹಣ್ಣು ಇಟ್ಟರೂ ಸಮನಾದ ಪಾಲು ಅಸಾಧ್ಯ. ಹೀಗೆ ಹಂಚುವ ಮೊದಲೇ, ಹಂಚಿಕೆ ಸಾಧ್ಯವೋ ಅಸಾಧ್ಯವೋ ಎಂಬುದನ್ನು ಈ ಸಂಖ್ಯೆ ಹೇಳಿಬಿಡುತ್ತದೆ.

ಮಹಾವೀರನ ಗ್ರಂಥ ದಕ್ಷಿಣದಲ್ಲಿ ಬಹುಕಾಲ ಓದಲ್ಪಟ್ಟಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರಿಗೆ ಅದರ ಹಿರಿಮೆ ತಿಳಿಯಿತು. ಡಾ. ಪದ್ಮಾವತಮ್ಮನವರ ಶ್ರಮದಿಂದ ಇಂದು ಅದು ಕನ್ನಡ ಅನುವಾದದೊಡನೆಯೂ ದೊರೆಯುತ್ತದೆ.

'ಅಪವರ್ತನ' ಎಂಬ ಮಾತಿನ ಹುಟ್ಟು

12ನೆಯ ಶತಮಾನದಲ್ಲಿ ಇಬ್ಬರು ಗಣಿತಜ್ಞರು ನಮಗೆ ಮುಖ್ಯರಾಗುತ್ತಾರೆ. ಒಬ್ಬನು ಭಾಸ್ಕರಾಚಾರ್ಯ. ಅವನು ಹುಟ್ಟಿದುದು 1114ರಲ್ಲಿ. 'ಲೀಲಾವತಿ' ರಚಿಸಿದುದು 1150ರ ಸುಮಾರಿಗೆ. ಅವನ ಊರು ವಿಜಯಪುರವೆಂದು ಕೆಲವರೂ ಖಾನದೇಶದ ಪಾಟಣದ ಕಡೆಯದೆಂದು ಕೆಲವರೂ ವಾದಿಸುತ್ತಾರೆ. ಪಾಟಣದಲ್ಲಿ ಅವನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಪಾಠಕ್ಕಾಗಿ ಮಠವೊಂದನ್ನು ಏರ್ಪಡಿಸಿದ ವಿಷಯವನ್ನು ಅಲ್ಲಿಯ ಶಾಸನ ಸಾರುತ್ತದೆ. ಕನ್ನಡಿಗರೂ ಮರಾಠಿಗರೂ ಇಬ್ಬರೂ ತಮ್ಮವನೆಂದು ಹೇಳಿಕೊಳ್ಳುವ ಈ ಮಹಾಪುರುಷನ ಗ್ರಂಥದಲ್ಲಿಯೇ ನಮ್ಮ ಶಾಲೆಯ ಮಾತು ಇದೆ.

'ಲೀಲಾವತಿ'ಯ ಕುಟ್ಟಕ ಪ್ರಕರಣದಲ್ಲಿ, ಎರಡು ಸಂಖ್ಯೆಗಳನ್ನು ಪರಸ್ಪರ ಭಾಗಿಸುತ್ತ ಹೋದಾಗ ಕೊನೆಯಲ್ಲಿ ಬರುವ ಶೇಷವೇ ಅವುಗಳ 'ಅಪವರ್ತನ' ಎಂದು ಭಾಸ್ಕರನು ಹೇಳುತ್ತಾನೆ. ಅದರಿಂದ ಭಾಗಿಸಿ ಪಡೆದ ಸಂಖ್ಯೆಗಳಿಗೆ 'ದೃಢ' ಎಂದು ಹೆಸರಿಡುತ್ತಾನೆ. ಅಂದರೆ ಇನ್ನು ಒಟ್ಟಿಗೆ ಒಡೆಯಲು ಬಾರದ, ಗಟ್ಟಿಯಾದ ಜೋಡಿ. ಕೂಡಬೇಕಾದ ಬಿಡಿಸಂಖ್ಯೆಯು ಆ ಅಪವರ್ತನದಿಂದ ಭಾಗವಾಗದಿದ್ದರೆ ಪ್ರಶ್ನೆಯೇ 'ದುಷ್ಟ', ಎಂದರೆ ದೋಷಯುಕ್ತ ಎನ್ನುತ್ತಾನೆ. ನಾವು ಮೇಲೆ 69 ರಾಶಿಗಳಲ್ಲಿ ಕಂಡದ್ದು ಅಂಥದೇ ದುಷ್ಟ ಪ್ರಶ್ನೆ. ಅವನ ಉದಾಹರಣೆಯಲ್ಲಿ ಬರುವ ಸಂಖ್ಯೆಗಳು 221, 195 ಮತ್ತು 65. ಯಾವ ಸಂಖ್ಯೆಯಿಂದ 221ನ್ನು ಗುಣಿಸಿ 65 ಕೂಡಿದರೆ 195ರಿಂದ ಶೇಷವಿಲ್ಲದೆ ಭಾಗವಾಗುತ್ತದೆ? ಮೂರಕ್ಕೂ 13 ಸಾಮಾನ್ಯ ಅಪವರ್ತನ. ಅದನ್ನು ತೆಗೆದರೆ ಉಳಿಯುವವು 17, 15 ಮತ್ತು 5. ಹದಿನೇಳೈದು ಎಂಬತ್ತೈದು, ಅದಕ್ಕೆ ಐದು ಕೂಡಿದರೆ ತೊಂಬತ್ತು, ಅದು ಹದಿನೈದಾರು. ಉತ್ತರ 5. ದೊಡ್ಡ ಲೆಕ್ಕ ಬಾಯಿಲೆಕ್ಕವಾಯಿತು.

ಇನ್ನೊಬ್ಬನು ರಾಜಾದಿತ್ಯ. ಇವನ ಊರು ಪೂವಿನಬಾಗೆ. ಕನ್ನಡದಲ್ಲಿಯೇ ಗಣಿತ ಬರೆದವರಲ್ಲಿ ನಮಗೆ ತಿಳಿದಿರುವ ಮೊದಲಿಗನು ಇವನೇ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ವ್ಯವಹಾರರತ್ನ', 'ಲೀಲಾವತಿ', 'ಚಿತ್ರಹಸುಗೆ' ಮೊದಲಾದ ಗ್ರಂಥಗಳು ಇವನವು. ಗಣಿತವನ್ನು ಪಂಡಿತರ ಸಂಸ್ಕೃತದಿಂದ ಅಂಗಡಿಯ, ಕಣದ, ಹೊಲದ ಕನ್ನಡಕ್ಕೆ ಇಳಿಸಿದ ಕೀರ್ತಿ ಇವನಿಗೆ ಸಲ್ಲಬೇಕು. 'ವ್ಯವಹಾರ' ಎಂಬ ಮಾತನ್ನೇ ಗ್ರಂಥಕ್ಕೆ ಹೆಸರಾಗಿಟ್ಟುದರಲ್ಲಿ ಅವನ ಉದ್ದೇಶ ಸ್ಪಷ್ಟವಾಗಿದೆ.

ಹಾಲಿ ಮತ್ತು ಕಲದಾರ

ಇನ್ನು ನಮ್ಮ ಸೀಮೆಗೆ ಬರೋಣ. ಸ್ವಾತಂತ್ರ್ಯಪೂರ್ವದಲ್ಲಿ ಅಕ್ಕಲಕೋಟೆಯಲ್ಲಿ ಭೋಸಲೆ ಮನೆತನದ ಸಂಸ್ಥಾನವಿತ್ತು. ಮೂಡಣಕ್ಕೆ ಕೆಲವು ಹರದಾರಿ ನಡೆದರೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ ಕಲಬುರಗಿ ಜಿಲ್ಲೆ. ಜನ ಒಂದೇ, ಮಾತು ಒಂದೇ, ಬೀಗತನ ಒಂದೇ. ಆದರೆ ರೂಪಾಯಿ ಬೇರೆ. ಸೊಲ್ಲಾಪುರದ ಕಡೆ ನಡೆಯುವುದು ಬ್ರಿಟಿಷರ ರೂಪಾಯಿ, ಜನರ ಬಾಯಲ್ಲಿ 'ಕಲದಾರ'. ನಿಜಾಮನ ಸೀಮೆಯಲ್ಲಿ ನಡೆಯುವುದು 'ಹಾಲಿ ಸಿಕ್ಕಾ'. ಎರಡರಲ್ಲಿಯೂ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆದರೆ ಬೆಲೆಯಲ್ಲಿ 7 ಹಾಲಿ ರೂಪಾಯಿಗೆ 6 ಕಲದಾರ. ಸರಕಾರಿ ಲೆಕ್ಕದಲ್ಲಿ ಇದನ್ನೇ ನೂರು ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂದು ಬರೆಯುತ್ತಿದ್ದರು.

ಏಳು ಮತ್ತು ಆರರ ಮಹತ್ತಮ ಸಾಮಾನ್ಯ ಅಪವರ್ತನ 1. ಭಾಸ್ಕರನ ಮಾತಿನಲ್ಲಿ ಇದು 'ದೃಢ' ಜೋಡಿ. ಇದರ ಅರ್ಥವೇನು? ಏಳರ ಗುಣಕವಲ್ಲದ ಯಾವ ಹಾಲಿ ಮೊತ್ತವೂ ಕಲದಾರಕ್ಕೆ ಪೂರ್ತಿಯಾಗಿ ಬದಲಾಗುವುದಿಲ್ಲ. 42 ಹಾಲಿಗೆ 36 ಕಲದಾರ ಸರಿ. ಆದರೆ ರೈತನ ಕೈಯಲ್ಲಿ 50 ಹಾಲಿ ಇದ್ದರೆ? 49ಕ್ಕೆ 42 ಕಲದಾರ ಬಂದಿತು. ಉಳಿದ 1 ರೂಪಾಯಿಯ 16 ಆಣೆಗಳಲ್ಲಿ 14 ಆಣೆಗೆ 12 ಆಣೆ ಬಂದಿತು. ಉಳಿದ 2 ಆಣೆಯೆಂದರೆ 24 ಪೈ. ಅದರಲ್ಲಿ 21 ಪೈಗೆ 18 ಪೈ ಬಂದಿತು. ಒಟ್ಟು 42 ರೂಪಾಯಿ 13 ಆಣೆ 6 ಪೈ. ಕೊನೆಗೂ 3 ಹಾಲಿ ಪೈ ಉಳಿದೇ ಉಳಿಯಿತು. ಅದಕ್ಕೆ ಸರಿಯಾದ ಕಲದಾರ ನಾಣ್ಯವಿಲ್ಲ. ಆ ಶೇಷ ಸಾಮಾನ್ಯವಾಗಿ ಯಾರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆಂಬುದನ್ನು ಹೇಳಬೇಕಾಗಿಲ್ಲ. ಸರಾಫನ ವಟ್ಟ ಅದರ ಮೇಲೆ ಬೇರೆ.

ಬಾಯಿಲೆಕ್ಕದ ಸೂತ್ರವೂ ಎಚ್ಚರ ಬೇಡುವಂಥದು. ಹಾಲಿಯನ್ನು ಕಲದಾರ ಮಾಡುವಾಗ ಏಳನೆಯ ಒಂದು ಪಾಲನ್ನು ಕಳೆಯಬೇಕು. ಕಲದಾರವನ್ನು ಹಾಲಿ ಮಾಡುವಾಗ ಆರನೆಯ ಒಂದು ಪಾಲನ್ನು ಕೂಡಬೇಕು. ಕಳೆಯುವುದಕ್ಕೂ ಕೂಡುವುದಕ್ಕೂ ಒಂದೇ ಪಾಲೆಂದು ತಿಳಿದವನು ಮೋಸಹೋದಂತೆಯೇ. 42 ಹಾಲಿಯಲ್ಲಿ ಆರನೆಯ ಪಾಲು ಕಳೆದರೆ 35 ಕಲದಾರವಾಗುತ್ತದೆ. ಒಂದು ಇಡೀ ರೂಪಾಯಿ ಕೈಬಿಟ್ಟಂತಾಯಿತು. ಅಕ್ಷರ ಬಾರದ ಹಿರಿಯರು ಈ ಲೆಕ್ಕವನ್ನು ಬೆರಳ ಗೆಣ್ಣುಗಳ ಮೇಲೆ ನಿಭಾಯಿಸಬೇಕಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಹಾಲಿ ಸಿಕ್ಕಾ ಕ್ರಮೇಣ ಮರೆಯಾಯಿತು.

ನಯಾಪೈಸೆ ಬಂದಾಗ

ಮುಂದಿನ ಬದಲಾವಣೆ ಇಡೀ ದೇಶಕ್ಕೇ ಬಂದಿತು. 1 ಏಪ್ರಿಲ್ 1957ರಿಂದ ರೂಪಾಯಿಗೆ 16 ಆಣೆಯ ಬದಲು 100 ನಯಾಪೈಸೆ. ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ಕಾಲ ಜೊತೆಜೊತೆಯಾಗಿ ನಡೆದವು. ಇಲ್ಲಿಯೂ ನಮ್ಮ ಸಂಖ್ಯೆಯೇ ನಿರ್ಣಾಯಕವಾಯಿತು. 16 ಮತ್ತು 100ರ ಮಹತ್ತಮ ಸಾಮಾನ್ಯ ಅಪವರ್ತನ 4. ನಾಲ್ಕರಿಂದ ಭಾಗಿಸಿದರೆ 4 ಮತ್ತು 25. ಎಂದರೆ 4 ಆಣೆಗೆ 25 ನಯಾಪೈಸೆ. ಇದೇ ಸರಿಯಾಗಿ ಬದಲಾಗುವ ಅತಿ ಚಿಕ್ಕ ಮೊತ್ತ. ಎಂಟಾಣೆಗೆ 50, ಹನ್ನೆರಡಾಣೆಗೆ 75, ಹದಿನಾರಾಣೆಗೆ 100. ನಡುವಿನ ಯಾವ ಆಣೆಯೂ ಸರಿಹೊಂದುವುದಿಲ್ಲ. ಒಂದಾಣೆಗೆ 6¼, ಎರಡಾಣೆಗೆ 12½, ಮೂರಾಣೆಗೆ 18¾. ಅಂಚೆ ಇಲಾಖೆಯು 1957ರಲ್ಲಿ 13 ನಯಾಪೈಸೆಯ ಅಂಚೆಚೀಟಿಯನ್ನೂ ಹೊರಡಿಸಿತ್ತೆಂಬುದು ಆ ಕಾಲದ ಇಕ್ಕಟ್ಟಿಗೆ ಒಂದು ಗುರುತು.

ಈ ಕಾಲುಪೈಸೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲವೆಂಬುದನ್ನು ಗಮನಿಸಬೇಕು. ಒಂದು ರೂಪಾಯಿಯ ಸಾಮಾನನ್ನು ಒಮ್ಮೆಗೇ ಕೊಳ್ಳುವವನಿಗೆ ತೊಂದರೆಯೇ ಇಲ್ಲ. 100 ನಯಾಪೈಸೆ ಕೊಟ್ಟರಾಯಿತು. ಆದರೆ ದಿನಕ್ಕೊಂದು ಆಣೆಯ ಎಣ್ಣೆ, ಬೆಲ್ಲ, ಚಹಾಪುಡಿ ಕೊಳ್ಳುವ ಕೂಲಿಯವನ ಗತಿ ಬೇರೆ. ಅಂಗಡಿಯವನು ಆಣೆಗೆ 7 ನಯಾಪೈಸೆ ತೆಗೆದುಕೊಂಡರೆ ಹದಿನಾರು ದಿನಕ್ಕೆ 112 ಆಗುತ್ತದೆ. 6ನ್ನೇ ತೆಗೆದುಕೊಂಡರೆ 96. ಆಗ ನಷ್ಟ ಅಂಗಡಿಯವನದು. ಹೇಗೆ ನೋಡಿದರೂ ಒಬ್ಬರಿಗೆ ಅನ್ಯಾಯ. ನಾಲ್ಕಾಣೆಯ ಸಾಮಾನನ್ನು ಒಟ್ಟಿಗೆ ಕೊಂಡರೆ ಮಾತ್ರ ಇಬ್ಬರಿಗೂ ನ್ಯಾಯ. ಮಸಾಅ ಗೊತ್ತಿದ್ದವನಿಗೆ ಆ ನ್ಯಾಯದ ದಾರಿ ಗೊತ್ತಿತ್ತು.

ಒಂದು ಸ್ವಾರಸ್ಯವನ್ನು ನೋಡಿ. 'ನಯಾ' ಎಂಬ ವಿಶೇಷಣವನ್ನು 1964ರಲ್ಲಿ ಕೈಬಿಟ್ಟರು. ಆಣೆಯ ನಾಣ್ಯಗಳೂ ಹೋದವು. ಆದರೆ ನಮ್ಮ ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಎಂಬ ಮಾತುಗಳು ಹತ್ತಾರು ವರ್ಷ ಉಳಿದವು. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಗುವವರೆಗೂ ಅದನ್ನು 'ನಾಲ್ಕಾಣೆ' ಎಂದವರೇ ಬಹಳ. 'ಐದಾಣೆ', 'ಏಳಾಣೆ' ಎಂದು ಯಾರೂ ಅನ್ನಲಿಲ್ಲ. ಹೊಸ ಪೈಸೆಯೊಡನೆ ಸರಿಯಾಗಿ ಹೊಂದುವ ಆಣೆಗಳು ಮಾತ್ರ ಭಾಷೆಯಲ್ಲಿ ಉಳಿದವು, ಹೊಂದದವು ಅಳಿದವು.

ಹಳೆಯ ಪದ್ಧತಿಯನ್ನು ಹಳಿಯುವುದೂ ತರವಲ್ಲ. ಹಳೆಯ ರೂಪಾಯಿಗೆ 192 ಪೈ. ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ 5 ಆಣೆ 4 ಪೈ, ಆರು ಮಂದಿಗೆ 2 ಆಣೆ 8 ಪೈ, ಶೇಷವಿಲ್ಲ. ಇಂದಿನ ನೂರು ಪೈಸೆಯನ್ನು ಮೂವರಿಗೆ ಸಮನಾಗಿ ಹಂಚಲಾಗದು. ಐವರಿಗೆ ಹಂಚುವಾಗ ನೂರು ಮೇಲು, 192 ಕೆಲಸಕ್ಕೆ ಬಾರದು. ಪ್ರತಿಯೊಂದು ಅಳತೆಯೂ ಯಾವ ಪಾಲಿಗೆ ಅನುಕೂಲವೋ ಅದನ್ನು ತನ್ನ ಅಪವರ್ತನಗಳಲ್ಲಿಯೇ ಹೊತ್ತುಕೊಂಡಿರುತ್ತದೆ. ತೂಕದ ವಿಷಯದಲ್ಲಿ 1956ರ ಕಾನೂನಿನಂತೆ ಸೇರಿನ ಬದಲು ಕಿಲೋಗ್ರಾಂ ಬಂದಿತು. 80 ತೊಲೆಯ ಸೇರು ಸುಮಾರು 933 ಗ್ರಾಂ. ಸೇರಿಗೂ ಕಿಲೋಗೂ ಆಣೆ ಪೈಸೆಗಳಿಗಿದ್ದಷ್ಟು ಸುಲಭವಾದ ಹೊಂದಾಣಿಕೆಯೂ ಇರಲಿಲ್ಲ. ಆದುದರಿಂದ ಹಳೆಯ ತೂಕದ ಕಲ್ಲುಗಳನ್ನು ತೆಗೆದುಹಾಕುವುದೊಂದೇ ದಾರಿಯಾಯಿತು.

ಗೌಂಡಿಯ ಲೆಕ್ಕ

ಇಂದಿಗೂ ಈ ಸಂಖ್ಯೆಯ ಕೆಲಸ ಮುಗಿದಿಲ್ಲ. ನಮ್ಮ ಭಾಗದ ಮನೆಗಳಿಗೆ ಶಹಾಬಾದಿನ ಪರಸಿ ಕಲ್ಲು ಹಾಸುವುದು ರೂಢಿ. ಒಂದು ಕೋಣೆಯ ಉದ್ದ 13 ಅಡಿ 6 ಇಂಚು, ಅಗಲ 10 ಅಡಿ 6 ಇಂಚು ಎನ್ನಿ. ಒಂದೂ ಕಲ್ಲು ಒಡೆಯದೆ, ಚೌಕದ ಕಲ್ಲುಗಳನ್ನೇ ಹಾಸಬೇಕು. ಅಡಿಗಳಲ್ಲಿ ಲೆಕ್ಕ ತೊಡಕಾಗುತ್ತದೆ. ಇಂಚು ಮಾಡಿದರೆ 162 ಮತ್ತು 126. ಕಳೆದರೆ 36. 126ನ್ನು 36ರಿಂದ ಭಾಗಿಸಿದರೆ ಶೇಷ 18. 36ನ್ನು 18 ಸರಿಯಾಗಿ ಭಾಗಿಸುತ್ತದೆ. ಆದುದರಿಂದ ಒಂದೂವರೆ ಅಡಿಯ ಚೌಕದ ಕಲ್ಲು; ಉದ್ದಕ್ಕೆ 9, ಅಗಲಕ್ಕೆ 7, ಒಟ್ಟು 63. ಎರಡಡಿಯ ಕಲ್ಲು ತಂದಿದ್ದರೆ ಎರಡು ಅಂಚಿನಲ್ಲಿಯೂ ಕತ್ತರಿಸಬೇಕಾಗಿತ್ತು. ಅನುಭವಿಯಾದ ಗೌಂಡಿಯು ದಾರ ಹಿಡಿದು ಇದನ್ನೇ ಮಾಡುತ್ತಾನೆ. ಅಗಲದ ಅಳತೆಯ ದಾರವನ್ನು ಉದ್ದದ ಮೇಲೆ ಇಟ್ಟು, ಮಿಕ್ಕುದನ್ನು ಅಗಲದ ಮೇಲೆ ತಿರುಗಿ ಅಳೆಯುವ ಅವನ ರೀತಿಯೇ ಯೂಕ್ಲಿಡನ ರೀತಿ. ಗ್ರಂಥ ಓದದೆಯೂ ಅವನ ಕೈಗೆ ಅದು ಗೊತ್ತು.

ಮಸಾಅ ಎಲ್ಲಿ, ಲಸಾಅ ಎಲ್ಲಿ ಎಂದು ಮಕ್ಕಳು ತಡವರಿಸುತ್ತಾರೆ. ಇದ್ದ ರಾಶಿಯನ್ನು ಸಮನಾಗಿ ಒಡೆಯಬೇಕಾದಲ್ಲಿ ಮಸಾಅ. ಬೇರೆಬೇರೆ ಆವರ್ತಗಳು ಮತ್ತೆ ಯಾವಾಗ ಕೂಡುತ್ತವೆಂದು ಕೇಳಿದಲ್ಲಿ ಲಸಾಅ. ಒಂದು ಬಸ್ಸು 40 ನಿಮಿಷಕ್ಕೊಮ್ಮೆ, ಇನ್ನೊಂದು 60 ನಿಮಿಷಕ್ಕೊಮ್ಮೆ ಹೊರಡುವುದಾದರೆ ಎರಡೂ ಮತ್ತೆ ಒಟ್ಟಿಗೆ ಹೊರಡುವುದು 120 ನಿಮಿಷಕ್ಕೆ. ಇದು ಲಸಾಅ. ಇಷ್ಟನ್ನು ಮನೆಯ ಮಾತಿನಲ್ಲಿ ಹೇಳಿದರೆ ಐದನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಗಡಿಭಾಗದ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಕರ್ನಾಟಕದ ಪುಸ್ತಕದಲ್ಲಿ 'ಮಸಾಅ' ಎಂದರೆ, ಮರಾಠಿ ಪುಸ್ತಕದಲ್ಲಿ 'ಮಹತ್ತಮ ಸಾಮಾಈಕ ವಿಭಾಜಕ', ಅಂದರೆ 'ಮಸಾವಿ'. ಅಣ್ಣ ಒಂದು ಹೆಸರು ಹೇಳಿದರೆ ತಂಗಿ ಇನ್ನೊಂದು ಹೇಳುತ್ತಾಳೆ. ಇವು ಎರಡು ಬೇರೆ ಲೆಕ್ಕಗಳೆಂದು ಮಗು ಹೆದರುತ್ತದೆ. ಹೆಸರು ಎರಡು, ಅರ್ಥ ಒಂದೇ ಎಂದು ಮನೆಯವರು ಮೊದಲೇ ಹೇಳಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ಹಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅನುಭವದಿಂದ ಹೇಳುತ್ತೇನೆ: ಲೆಕ್ಕದಲ್ಲಿ ಹಿಂದುಳಿದವರೆನಿಸಿದ ಎಷ್ಟೋ ಮಕ್ಕಳು ಹಿಂದೆ ಬಿದ್ದದ್ದು ಮಾತಿನಲ್ಲಿ, ಬುದ್ಧಿಯಲ್ಲಿ ಅಲ್ಲ. ಮಗುವಿಗೆ ಲೆಕ್ಕವನ್ನು ತಾಯ್ನುಡಿಯಲ್ಲಿ ಹೇಳಿಕೊಡುವುದು ಕನ್ನಡದ ಕೆಲಸವೇ ಹೌದು.

ಸಂಘದ ಸದಸ್ಯರಲ್ಲಿ ಒಂದು ಬಿನ್ನಹ. ನಮ್ಮ ಅಡತಿ ಅಂಗಡಿಗಳ, ಹಳೆಯ ಮನೆಗಳ ಅಟ್ಟಗಳಲ್ಲಿ ಕಿರ್ದಿ, ಖಾತೆವಹಿಗಳು ಇನ್ನೂ ಇರಬಹುದು. ಹಾಲಿ ಕಲದಾರಗಳ, ಆಣೆ ಪೈಗಳ, ಸೇರು ಮಣಗಳ ಲೆಕ್ಕ ಅವುಗಳಲ್ಲಿ ಇರಬಹುದು. ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಸಾಧ್ಯವಾದರೆ ಸಂಘದ ಗಮನಕ್ಕೆ ತನ್ನಿರಿ. ಮನೆಯಲ್ಲಿ ಆ ಲೆಕ್ಕ ಬಲ್ಲ ಹಿರಿಯರಿದ್ದರೆ ಅವರ ಬಾಯಿಲೆಕ್ಕದ ಸೂತ್ರಗಳನ್ನು ಬರೆದಿಡಿರಿ. ಅರಸರ ಇತಿಹಾಸವನ್ನು ಶಾಸನಗಳು ಉಳಿಸಿವೆ. ಬಡವನ ಪೈಸೆಯ ಇತಿಹಾಸ ಉಳಿಯಬೇಕಾದರೆ ಈ ವಹಿಗಳೇ ಉಳಿಯಬೇಕು.

ಕೊನೆಯದಾಗಿ, ಈ ಸಂಚಿಕೆಯನ್ನು ಓದುವ ಮಕ್ಕಳಿಗೆ ಒಂದು ಲೆಕ್ಕ. ಒಬ್ಬ ರೈತನು 540 ಕಿಲೋ ತೊಗರಿ, 405 ಕಿಲೋ ಕಡಲೆ, 675 ಕಿಲೋ ಜೋಳವನ್ನು ದುಧನಿ ಪೇಟೆಗೆ ತರಬೇಕಾಗಿದೆ. ಧಾನ್ಯಗಳು ಬೆರೆಯಬಾರದು, ಎಲ್ಲ ಚೀಲಗಳೂ ಒಂದೇ ತೂಕವಿರಬೇಕು, ಏನೂ ಉಳಿಯಬಾರದು, ಚೀಲಗಳು ಆದಷ್ಟು ಕಡಿಮೆಯಿರಬೇಕು. ಆದರೆ ಹಮಾಲನ ಬೆನ್ನನ್ನೂ ನೆನೆಯಬೇಕಲ್ಲವೆ? ಯಾವ ಚೀಲವೂ 50 ಕಿಲೋ ಮೀರಬಾರದು. ಹಾಗಾದರೆ ಚೀಲದ ತೂಕವೆಷ್ಟು, ಒಟ್ಟು ಚೀಲಗಳೆಷ್ಟು? ಮಸಾಅ ಸಿಕ್ಕ ಕೂಡಲೇ ಉತ್ತರ ಸಿಕ್ಕಿತೆಂದು ಅವಸರಪಡಬೇಡಿರಿ; ಅಲ್ಲಿಂದ ಇನ್ನೂ ಒಂದು ಹೆಜ್ಜೆ ಇದೆ.